ಒಂದೂರಿನ ಬಟ್ಟೆ ಇನ್ನೊಂದೂರಿಗೆ

ನಮ್ಮ ಬೀದಿಯ ಒಬ್ಬ ಹೆಣ್ಣುಮಗಳು ಈಗ ಫೋನಿನಲ್ಲೇ ಮಕ್ಕಳ ಹಳೆ ಬಟ್ಟೆ ಮಾರುತ್ತಾಳೆ. ಚಿತ್ರದುರ್ಗದ ತಾಯಂದಿರು ಸೇರಿ ಮಾಡಿಕೊಂಡ ಒಂದು ವಾಟ್ಸಾಪ್ ಗುಂಪು. ಹೋದ ತಿಂಗಳು ನನ್ನ ಹತ್ತಿರ ಬಂದು, ಮಾವ, ನೀವು ಮೂವತ್ತು ವರ್ಷ ಇದನ್ನೇ ಮಾಡಿದವರು, ನನಗೂ ನಾಲ್ಕು ಮಾತು ಹೇಳಿಕೊಡಿ ಎಂದು ಕೇಳಿದಳು. ಫೋನು ತೋರಿಸಿದಳು. ನೋಡಿ ನನಗೆ ಮೈಯೆಲ್ಲ ಉರಿಯಿತು.

ಮಾರಾಟಕ್ಕಿಟ್ಟ ಒಂದೊಂದು ಅಂಗಿಯ ಒಳಗೂ ಒಂದೊಂದು ಮಗು ನಿಂತಿತ್ತು. ಕೇಕಿನ ಮುಂದೆ ನಗುತ್ತಿರುವ ಮಗು, ಹಿಂದೆ ಅವರ ಮನೆಯ ಗೋಡೆ, ಕೆಳಗೆ ಬೆಲೆ. ಕೊಂಡವಳು ಅದೇ ಅಂಗಿಯನ್ನು ತನ್ನ ಮಗುವಿಗೆ ಹಾಕಿ ಅದೇ ಗುಂಪಿನಲ್ಲಿ ಇನ್ನೊಂದು ಫೋಟೋ ಬಿಟ್ಟಿದ್ದಳು. ಎಲ್ಲರೂ ಹೂವು, ಹಾರ್ಟು ಕಳಿಸಿದ್ದರು. ಇವತ್ತು ಹೂವು ಸರಿ. ಇನ್ನು ಐದು ವರ್ಷಕ್ಕೆ ಆ ಎರಡು ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಾಗ, ಒಂದು ಮಗು ಇನ್ನೊಂದಕ್ಕೆ ಆ ಫೋಟೋ ತೋರಿಸಿದರೆ ಏನಾಗುತ್ತದೆ ಎಂದು ಇವರಲ್ಲಿ ಒಬ್ಬರಾದರೂ ಯೋಚಿಸಿದ್ದಾರೆಯೇ?

ಆ ಹುಡುಗಿಗೆ ಬಾಯಲ್ಲಿ ಹೇಳಲು ಹೋದರೆ ನಾನು ಕೂಗಾಡಿಬಿಡುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ನಲವತ್ತು ದಾಟಿದ ಮೇಲೆ ಖಾಸಗಿಯಾಗಿ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದೆ. ಒಂದೇ ಬೆರಳಿನಲ್ಲಿ ಟೈಪು ಮಾಡುತ್ತೇನೆ, ಒಂದು ಸಾಲಿಗೆ ಒಂದು ಲೋಟ ಟೀ ತಣ್ಣಗಾಗುತ್ತದೆ. ಆದರೂ ಪರವಾಗಿಲ್ಲ, ನಿಧಾನವಾಗಿ ಬರೆದರೆ ಸಿಟ್ಟು ಸ್ವಲ್ಪ ಹದಕ್ಕೆ ಬರುತ್ತದೆ.

ನನಗೆ ಕೆಲಸ ಕಲಿಸಿದವರು ಬಾಷಾ ಸಾಬರು. ಚಿತ್ರದುರ್ಗದಲ್ಲಿ ಅವರದೊಂದು ಸಣ್ಣ ಗೋಡೌನು. ಅವರು ನಮಗೆ ಸ್ಟೀಲು ಪಾತ್ರೆ ಕೊಡುತ್ತಿದ್ದರು. ನಾವು ಅದನ್ನು ಬುಟ್ಟಿಯಲ್ಲಿ ಹೊತ್ತು ಬೀದಿ ಬೀದಿ ಸುತ್ತಿ, ಪಾತ್ರೆ ಕೊಟ್ಟು ಹಳೆ ಬಟ್ಟೆ ತರುತ್ತಿದ್ದೆವು. ಸೀರೆ, ಪ್ಯಾಂಟು ಅವರಿಗೆ. ಮಕ್ಕಳ ಬಟ್ಟೆ ಯಾರಿಗೂ ಬೇಡವಾಗಿತ್ತು, ಸಣ್ಣದು, ತೂಕ ಬರುವುದಿಲ್ಲ ಎಂದು. ಅದನ್ನು ನಾನು ಇಟ್ಟುಕೊಂಡೆ. ನನ್ನ ಹೆಂಡತಿ ಗಂಗಮ್ಮ ಕುದಿಯುವ ನೀರಿನಲ್ಲಿ ಅದ್ದಿ ಒಗೆದು, ಎಲಾಸ್ಟಿಕ್ ಬದಲಿಸಿ, ಗುಂಡಿ ಹಾಕಿ, ಇಸ್ತ್ರಿ ಮಾಡುತ್ತಿದ್ದಳು. ಸಂತೆಗೆ ಒಯ್ದು ಮಾರಿದರೆ ಒಂದೊಂದರ ಮೇಲೆ ಬಸ್ ಚಾರ್ಜು, ಸೋಪು ಕಳೆದು ಟೀ ಕುಡಿಯುವಷ್ಟು ಉಳಿಯುತ್ತಿತ್ತು. ಅದರಲ್ಲೇ ಬದುಕಿದ್ದೇವೆ.

ಮಕ್ಕಳ ಬಟ್ಟೆಯಲ್ಲಿ ಎಲ್ಲಕ್ಕಿಂತ ಮೊದಲು ಸಾಯುವುದು ಎಲಾಸ್ಟಿಕ್ಕು. ಹುಡುಗರ ಚಡ್ಡಿ ಹಿಂದುಗಡೆ ಸವೆಯುತ್ತದೆ, ಪ್ಯಾಂಟು ಮಂಡಿಯಲ್ಲಿ. ಹೆಣ್ಣುಮಕ್ಕಳ ಹಬ್ಬದ ಫ್ರಾಕು ಸವೆಯುವುದೇ ಇಲ್ಲ, ಎರಡು ಸಲ ಹಾಕುವಷ್ಟರಲ್ಲಿ ಮಗು ಬೆಳೆದಿರುತ್ತದೆ. ನೇರಳೆ ಹಣ್ಣಿನ ಕಲೆ ಹೋಗುವುದಿಲ್ಲ, ಅದರ ಮೇಲೆ ಒಂದು ಹೂವು ಹೊಲಿಯಬೇಕು. ಒಗೆಯುವ ಮೊದಲು ಜೇಬು ನೋಡಬೇಕು. ಹುಣಸೆ ಬೀಜ, ಬಳಪ, ಒಂದು ಸಲ ಕಾಗದದಲ್ಲಿ ಸುತ್ತಿಟ್ಟ ಹಾಲುಹಲ್ಲು ಸಿಕ್ಕಿತ್ತು. ಆ ಮನೆಗೆ ವಾಪಸು ಹೋಗಿ ಕೊಟ್ಟು ಬಂದೆ. ಇದಕ್ಕೋಸ್ಕರ ಅಷ್ಟು ದೂರ ಬಂದ್ಯಾ ಎಂದು ಆ ತಾಯಿ ನಕ್ಕಳು, ಒಳಗೆ ಕರೆದು ಮಜ್ಜಿಗೆ ಕೊಟ್ಟಳು.

ಸಂತೆಗೆ ಬರುವ ತಾಯಂದಿರು ಮಗುವನ್ನು ಕರೆದುಕೊಂಡು ಬರುವುದಿಲ್ಲ. ಬಂದರೆ ಅದು ಕಂಡದ್ದೆಲ್ಲ ಕೇಳುತ್ತದೆ. ಕೈಯನ್ನು ತಮ್ಮ ಸೊಂಟಕ್ಕೋ ಹೊಟ್ಟೆಗೋ ಹಿಡಿದು, ಇಷ್ಟುದ್ದ ಅವ್ಳೆ ಎಂದು ತೋರಿಸುತ್ತಾರೆ. ಎರಡು ವರ್ಷ ಬರಲಿ ಎಂದು ಕೈ ಸ್ವಲ್ಪ ಮೇಲೆಯೇ ಹಿಡಿಯುತ್ತಾರೆ. ಅದನ್ನು ತಿಳಿದು ಕೊಡಬೇಕು.

ಇಷ್ಟೆಲ್ಲ ಯಾರು ಬೇಕಾದರೂ ಕಲಿಯಬಹುದು. ಬಾಷಾ ಸಾಬರು ನನಗೆ ಮೊದಲ ದಿನವೇ ಹೇಳಿದ ಪಾಠ ಬೇರೆ. ಒಂದು ಊರಿನಲ್ಲಿ ತಂದ ಬಟ್ಟೆಯನ್ನು ಅದೇ ಊರಿನಲ್ಲಿ ಮಾರಬಾರದು. ದುರ್ಗದ್ದು ಹೊಸದುರ್ಗಕ್ಕೋ ಹೊಳಲ್ಕೆರೆಗೋ ಹೋಗಬೇಕು, ಹಿರಿಯೂರಿನದು ದುರ್ಗಕ್ಕೆ ಬರಬೇಕು. ಕೊಟ್ಟ ಮನೆಯ ಹೆಸರನ್ನು ಕೊಂಡ ಮನೆಗೆ ಹೇಳಬಾರದು, ಕೊಂಡವರ ಹೆಸರನ್ನು ಕೊಟ್ಟವರಿಗೆ ಹೇಳಬಾರದು. "ಬಟ್ಟೆ ಊರು ದಾಟ್ಬೇಕು ತಿಪ್ಪಣ್ಣ, ಬಾಯಿ ಹೊಸಿಲು ದಾಟ್ಬಾರ್ದು. ಇಲ್ಲಾಂದ್ರೆ ಧಂಧೆ ಖತಂ." ಇದನ್ನು ನೂರು ಸಲ ಹೇಳಿದ್ದಾರೆ.

ಇನ್ನೊಂದು ಪಾಠವಿತ್ತು. ಒಂದು ಮನೆಯವರು ಮಗುವಿನ ಬಟ್ಟೆಯನ್ನು ಮೂಟೆಗಟ್ಟಲೆ ಒಂದೇ ಸಲ ಕೊಟ್ಟರೆ ತಕ್ಷಣ ಕೈ ಹಾಕಬಾರದು. ಪಾಪು ಯಾವ ಕ್ಲಾಸು ಎಂದು ಸುಮ್ಮನೆ ಮಾತಿಗೆ ಕೇಳಬೇಕು. ಮಗು ತೀರಿಹೋದ ಮನೆಯಾದರೆ ಉತ್ತರ ಬರುವುದಿಲ್ಲ. ಅಂಥ ಬಟ್ಟೆಯನ್ನು ಕೈಮುಗಿದು ಬಿಟ್ಟು ಬರಬೇಕು. ಮಗು ಇದ್ದರೆ ಇನ್ನೊಂದು ಪ್ರಶ್ನೆ ಕೇಳಬೇಕು, ಯಾಕೆ ಇಷ್ಟೊಂದು ಒಟ್ಟಿಗೇ ಎಂದು. ನನ್ನ ಬದುಕಿನ ದೊಡ್ಡ ತಪ್ಪು ಈ ಎರಡನೇ ಪ್ರಶ್ನೆಯದು. ಅದಕ್ಕೆ ಬರುತ್ತೇನೆ.

ಅದಕ್ಕೂ ಮೊದಲು ಈ ಕೆಲಸದಲ್ಲಿ ಏನೇನು ಕೇಳಿಸಿಕೊಳ್ಳಬೇಕಾಗುತ್ತದೆ ಎಂಬುದನ್ನು ಹೇಳದೆ ಹೋದರೆ ಮೋಸವಾಗುತ್ತದೆ. ಹಿರಿಯೂರು ಸಂತೆಯಲ್ಲಿ ಹೊಸ ಬಟ್ಟೆಯ ವ್ಯಾಪಾರಿಯೊಬ್ಬ ನನ್ನ ಪಕ್ಕದಲ್ಲೇ ಅಂಗಡಿ ಹಾಕುತ್ತಿದ್ದ. ನನ್ನ ಹತ್ತಿರ ಯಾರಾದರೂ ಹೆಂಗಸು ಕೂತರೆ ಸಾಕು, "ಯಾವ ಹೆಣದ ಮೇಲಿಂದ ಬಿಚ್ಕಂಡು ಬಂದಾನೋ, ಕೇಳಿ ತಗಳವ್ವ" ಎನ್ನುತ್ತಿದ್ದ. ಅವನ ಅಂಗಿಯ ಬಣ್ಣ ಒಂದು ಒಗೆತಕ್ಕೆ ನೀರಾಗುತ್ತಿತ್ತು. ಅದನ್ನು ಯಾರೂ ಕೇಳುತ್ತಿರಲಿಲ್ಲ. ಆದಿವಾಲದಿಂದ ಬರುತ್ತಿದ್ದ ಕುರಿ ಸಾಕುವ ಹೆಂಗಸೊಬ್ಬಳು ಒಂದು ದಿನ ಅವನ ಕಡೆ ತಿರುಗಿ, ನೀನು ಹುಟ್ದಾಗ ನಿಮ್ಮವ್ವ ನಿಂಗೆ ಜರಿ ಅಂಗಿ ಹಾಕಿದ್ಲೇನಪ್ಪ, ಹಳೇ ಸೀರೆ ತುಂಡಲ್ಲೇ ಸುತ್ತಿದ್ದು ಎಂದಳು. ಅವತ್ತೊಂದು ದಿನ ಬಾಯಿ ಮುಚ್ಚಿದ.

ಪುಣ್ಯಕ್ಕೆಂದು ಕೊಡುವವರ ಕಥೆ ಇನ್ನೂ ಕೆಟ್ಟದು. ದೊಡ್ಡ ಮನೆಯವರು ಹಳೆ ಬಟ್ಟೆ ದಾನ ಮಾಡುತ್ತೇವೆ ಎಂದು ಕರೆಯುತ್ತಾರೆ, ಹೋದರೆ ಹರಿದ ಬನಿಯನ್ನು, ಒಂಟಿ ಕಾಲುಚೀಲ, ಮಗು ವಾಂತಿ ಮಾಡಿದ ಸ್ವೆಟರನ್ನು ಒಗೆಯದೆ ಕೊಡುತ್ತಾರೆ. ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಬಡವರ ಮಗುವಿನ ಚರ್ಮ ಬೇರೆ ಚರ್ಮ ಎಂದು ಅವರು ತಿಳಿದಿದ್ದಾರೆ. ಅದಕ್ಕಿಂತ ಒಂದು ತಟ್ಟೆ ಹೆಚ್ಚು ಕೊಡು ಎಂದು ಅರ್ಧ ಗಂಟೆ ಚೌಕಾಸಿ ಮಾಡುವ ಹೆಂಗಸೇ ಮೇಲು. ಅವಳು ಬಟ್ಟೆಗೆ ಬೆಲೆ ಇದೆ ಎಂದಾದರೂ ಒಪ್ಪಿಕೊಂಡಿದ್ದಾಳೆ.

ಇನ್ನು ನನ್ನ ತಪ್ಪು.

ಚಿತ್ರದುರ್ಗದಲ್ಲಿ ಒಬ್ಬ ಅಧಿಕಾರಿಯ ಮನೆ. ಯಾವ ಇಲಾಖೆ ಎಂದು ಬರೆಯುವುದಿಲ್ಲ. ಅವರ ಹೆಂಡತಿಯನ್ನು ಮೇಡಮ್ಮು ಎಂದೇ ಕರೆಯುತ್ತೇನೆ. ಆಕೆ ಹಿಂದಿನ ಬಾಗಿಲಿಗೆ ಕರೆದು ಎರಡು ಮೂಟೆ ಮಕ್ಕಳ ಬಟ್ಟೆ ಕೊಟ್ಟರು. ಅಷ್ಟು ಒಳ್ಳೆಯ ಮಾಲನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅದರಲ್ಲಿ ಒಂದು ಹಸಿರು ಫ್ರಾಕು, ಎದೆಯ ಮೇಲೆ ಕೈಯಲ್ಲೇ ಕಸೂತಿ ಮಾಡಿದ ಎರಡು ಗಿಣಿ. ಬದಲಿಗೆ ಮುಚ್ಚಳವಿರುವ ಒಂದು ದೊಡ್ಡ ಸ್ಟೀಲು ಡಬ್ಬ ಆರಿಸಿಕೊಂಡರು. ಪಾಪು ಯಾವ ಕ್ಲಾಸು ಎಂದು ಕೇಳಿದೆ, ಮೂರನೇ ಕ್ಲಾಸು ಎಂದರು. ಮಗು ಚೆನ್ನಾಗಿದೆ ಎಂದು ನನಗೆ ಸಮಾಧಾನವಾಯಿತು. ಯಾಕೆ ಇಷ್ಟೊಂದು ಒಟ್ಟಿಗೇ ಎಂದು ಕೇಳಲಿಲ್ಲ. ಮನೆಯೊಳಗೆ ರಟ್ಟಿನ ಡಬ್ಬಗಳನ್ನು ಕಟ್ಟಿಟ್ಟಿದ್ದನ್ನು ಕಣ್ಣಾರೆ ನೋಡಿದ್ದೆ. ಕೇಳಿದ್ದರೆ ವರ್ಗವಾಗಿದೆ, ಹೊಳಲ್ಕೆರೆಗೆ ಹೋಗುತ್ತಿದ್ದೇವೆ ಎಂದು ಹೇಳುತ್ತಿದ್ದರು. ಒಳ್ಳೆಯ ಮಾಲು ಸಿಕ್ಕ ಖುಷಿಯಲ್ಲಿ ಬುಟ್ಟಿ ಎತ್ತಿಕೊಂಡು ಬಂದುಬಿಟ್ಟೆ.

ದುರ್ಗದ ಬಟ್ಟೆ ದುರ್ಗದಲ್ಲಿ ಮಾರಬಾರದು ಎಂಬ ನಿಯಮವನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದೆ. ಆ ಫ್ರಾಕನ್ನು ಹೊಳಲ್ಕೆರೆ ಸಂತೆಗೆ ಒಯ್ದೆ.

ಕೊಂಡವಳು ಲಕ್ಷ್ಮಕ್ಕ, ಅವಳದೂ ಮಗಳದೂ ನಿಜವಾದ ಹೆಸರು ಬರೆದಿಲ್ಲ. ಹೊಳಲ್ಕೆರೆಯಲ್ಲೇ ಅಕ್ಕಿ ಗಿರಣಿಯಲ್ಲಿ ಗುಡಿಸುವ ಕೆಲಸ. ಗಂಡ ಇಲ್ಲ. ಒಬ್ಬಳೇ ಮಗಳು ಭೂಮಿಕಾ, ಸರ್ಕಾರದ ಪುಕ್ಕಟೆ ಸೀಟಿನಲ್ಲಿ ಒಂದು ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ ಮೂರನೇ ಕ್ಲಾಸು ಓದುತ್ತಿದ್ದಳು. ಆ ಶಾಲೆಯಲ್ಲಿ ದಿನಾ ಯೂನಿಫಾರ್ಮು, ಹುಟ್ಟುಹಬ್ಬದ ದಿನ ಮಾತ್ರ ಬಣ್ಣದ ಬಟ್ಟೆ ಹಾಕಬಹುದು. ಮಗಳ ಹುಟ್ಟುಹಬ್ಬಕ್ಕೆಂದು ಲಕ್ಷ್ಮಕ್ಕ ಆ ಗಿಣಿ ಫ್ರಾಕನ್ನು ಮೂರು ಸಲ ಎತ್ತಿ ಮೂರು ಸಲ ಕೆಳಗಿಟ್ಟು ಕೊನೆಗೆ ತೆಗೆದುಕೊಂಡಳು.

ಎರಡು ವಾರ ಬಿಟ್ಟು ಸಂತೆಯ ದಿನ ಅವಳು ಬರಿಗೈಯಲ್ಲಿ ಬಂದು ನನ್ನ ಮುಂದೆ ನಿಂತಳು. ಸುತ್ತ ಗಿರಾಕಿಗಳು ಕೂತಿದ್ದರು.

"ಅಣ್ಣ, ಆ ಫ್ರಾಕು ಎಲ್ಲಿಂದ ತಂದೆ? ಕದ್ದಿದ್ದಾ?" ಎಂದು ಕೇಳಿದಳು.

ನನಗೆ ರೇಗಿತು. ಏನು ಮಾತು ಇದು ಎಂದೆ. ಅವಳು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದಳು. ಹುಟ್ಟುಹಬ್ಬದ ದಿನ ಭೂಮಿಕಾ ಫ್ರಾಕು ಹಾಕಿಕೊಂಡು ಕ್ಲಾಸಿನಲ್ಲಿ ಚಾಕಲೇಟು ಹಂಚುತ್ತಿದ್ದಳು. ಹೊಸದಾಗಿ ಸೇರಿದ ಒಬ್ಬ ಹುಡುಗಿ ಎದ್ದು, ಇದು ನನ್ನ ಫ್ರಾಕು, ನಮ್ಮ ಅಜ್ಜಿ ಹೊಲಿದದ್ದು ಎಂದಿತು. ಟೀಚರು ಆ ಮಗುವಿನ ತಾಯಿಗೆ ಫೋನು ಮಾಡಿದರು. ಆ ತಾಯಿ, ಮನೆ ಬದಲಿಸುವಾಗ ಕೆಲವು ಬಟ್ಟೆ ಕಳೆದಿದ್ದವು, ಅದರಲ್ಲಿ ಇದೂ ಇರಬಹುದು ಎಂದರು. ಅಷ್ಟು ಸಾಕಾಯಿತು. ಭೂಮಿಕಾಳ ಮೈಮೇಲಿನ ಫ್ರಾಕನ್ನು ಬಿಚ್ಚಿಸಿ, ಶಾಲೆಯಲ್ಲಿ ಯಾರೋ ಬಿಟ್ಟುಹೋಗಿದ್ದ ಯೂನಿಫಾರ್ಮು ಹಾಕಿಸಿ, ಎಲ್ಲಿಂದ ಬಂತು ಹೇಳು ಎಂದು ಬೋರ್ಡಿನ ಪಕ್ಕ ನಿಲ್ಲಿಸಿದರು. ಮಗು, ನಮ್ಮವ್ವ ತಂದಿದ್ದು ಎಂದಿತು. ಹಾಗಾದರೆ ನಿಮ್ಮವ್ವನನ್ನೇ ಕೇಳಬೇಕು ಎಂದರು. ಅಂದಿನಿಂದ ಮಗು ಶಾಲೆಯ ಹೆಸರೆತ್ತಿದರೆ ಹಾಸಿಗೆಯಿಂದ ಏಳುವುದಿಲ್ಲ. ಇನ್ನು ನಾಲ್ಕು ದಿನದಲ್ಲಿ ಬಂದು ಸಮಜಾಯಿಷಿ ಕೊಡದಿದ್ದರೆ ಹೆಸರು ತೆಗೆಯುತ್ತೇವೆ ಎಂದು ಶಾಲೆಯಿಂದ ಹೇಳಿ ಕಳಿಸಿದ್ದರು.

ಎಂಟು ವರ್ಷದ ಮಗುವಿನ ಬಟ್ಟೆಯನ್ನು ಹುಟ್ಟಿದ ದಿನವೇ ಬಿಚ್ಚಿಸಿದರಲ್ಲ, ಅವರು ಮೇಷ್ಟ್ರುಗಳಂತೆ. ಇವತ್ತಿಗೂ ಇದನ್ನು ಬರೆಯುವಾಗ ನನ್ನ ಬೆರಳು ತಪ್ಪು ಅಕ್ಷರದ ಮೇಲೆ ಬೀಳುತ್ತದೆ.

ಅವತ್ತೇ ದುರ್ಗಕ್ಕೆ ವಾಪಸು ಬಂದು ಬಾಷಾ ಸಾಬರಿಗೆ ಹೇಳಿದೆ. ಅವರು, ನೀನು ಹೋಗಿ ಅಧಿಕಾರಿಯ ಹೆಂಡತಿ ಪಾತ್ರೆಗೆ ಬಟ್ಟೆ ಕೊಟ್ಟಳು ಎಂದು ಶಾಲೆಯಲ್ಲಿ ಕೂಗಿದರೆ ನಾಳೆಯಿಂದ ಯಾವ ಮನೆ ನಮಗೆ ಬಾಗಿಲು ತೆಗೆಯುತ್ತದೆ ಎಂದು ಕೇಳಿದರು. ನನ್ನ ಹತ್ತಿರ ಪಾತ್ರೆ ತೆಗೆದುಕೊಳ್ಳುವವರು ಹನ್ನೊಂದು ಜನ ಇದ್ದಾರೆ, ಅವರ ಹೊಟ್ಟೆಯನ್ನೂ ನೋಡು ಎಂದರು. ಅವರು ಹೇಳಿದ್ದು ಸುಳ್ಳಲ್ಲ.

ಮನೆಗೆ ಬಂದು ಊಟ ಬೇಡ ಎಂದೆ. ಗಂಗಮ್ಮ ಇಸ್ತ್ರಿ ಮಾಡುತ್ತಿದ್ದವಳು ತಲೆ ಎತ್ತದೆ, "ಆ ಮಗಿ ಓದು ಬಿಟ್ರೆ ನೀನು ಯಾವ ಮುಖ ಇಟ್ಕಂಡು ಹಳೇ ಬಟ್ಟೆ ಮಾರ್ತೀಯ?" ಎಂದಳು. ಅಷ್ಟೇ. ಮತ್ತೆ ಇಸ್ತ್ರಿ ಮಾಡಿದಳು.

ಮೊದಲು ಮೇಡಮ್ಮಿನ ಮನೆಗೆ ಹೋದೆ, ಹೊಳಲ್ಕೆರೆಯಲ್ಲಿ ಅವರ ಹೊಸ ಮನೆ ಹುಡುಕಿಕೊಂಡು. ಹಿಂದಿನ ಬಾಗಿಲಿಗೇ ಹೋದೆ. ಅಮ್ಮಾವ್ರೇ, ಆ ಬಟ್ಟೆ ನನಗೆ ಕೊಟ್ಟಿದ್ದು ಎಂದು ನೀವೇ ಶಾಲೆಗೆ ಒಂದು ಫೋನು ಮಾಡಿ, ನಾನು ಯಾರಿಗೂ ಏನೂ ಹೇಳುವುದಿಲ್ಲ ಎಂದು ಬೇಡಿಕೊಂಡೆ. ಆಕೆಯ ಮುಖ ಬಿಳುಚಿಕೊಂಡಿತು. ಒಳಗಿನಿಂದ ವಯಸ್ಸಾದವರ ದನಿ, ಯಾರು ಬಂದಿದ್ದು ಎಂದು ಕೇಳಿತು. ಯಾರೂ ಇಲ್ಲ ಅತ್ತೆ ಎಂದು ಹೇಳಿ ಮೇಡಮ್ಮು ಬಾಗಿಲು ಹಾಕಿಕೊಂಡರು. ಆಗ ನನಗೆ ಅರ್ಥವಾಯಿತು. ಗಿಣಿ ಹೊಲಿದ ಅತ್ತೆ ಅದೇ ಮನೆಯಲ್ಲಿದ್ದರು. ಅತ್ತೆ ಕಣ್ಣು ಕಿರಿದು ಮಾಡಿಕೊಂಡು ಹೊಲಿದದ್ದನ್ನು ಸೊಸೆ ಒಂದು ಡಬ್ಬಕ್ಕೆ ಕೊಟ್ಟಿದ್ದರು. ಅದು ಗೊತ್ತಾಗಬಾರದು ಎಂದು ಒಂದು ಸುಳ್ಳು. ಆಕೆಯ ಭಯ ನನಗೆ ಅರ್ಥವಾಗದೆ ಇಲ್ಲ. ಆದರೆ ಆ ಭಯವನ್ನು ಗುಡಿಸುವವಳ ಮಗಳ ತಲೆಗೆ ಕಟ್ಟಿದರಲ್ಲ, ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮಾರನೆಯ ದಿನ ಲಕ್ಷ್ಮಕ್ಕನನ್ನೂ ಭೂಮಿಕಾಳನ್ನೂ ಕರೆದುಕೊಂಡು ಶಾಲೆಗೆ ಹೋದೆ. ಸಂತೆಗೆಂದು ಹೊರಟಿದ್ದ ಮೂಟೆ ಬೆನ್ನ ಮೇಲೆಯೇ ಇತ್ತು. ಗೇಟಿನವನು ಬಿಡಲಿಲ್ಲ, ಒಂದು ಗಂಟೆ ಬಿಸಿಲಿನಲ್ಲಿ ನಿಂತೆವು. ಕೊನೆಗೆ ಹೆಡ್‌ಮಿಸ್ಸು ಒಳಗೆ ಕರೆದರು, ನಮಗೆ ಕೂರಲು ಹೇಳಲಿಲ್ಲ. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ರಸೀದಿ ಇದೆಯಾ ಎಂದು ಕೇಳಿದರು. ಮನೆ ಮನೆ ಸುತ್ತಿ ಪಾತ್ರೆ ಕೊಡುವವನ ಹತ್ತಿರ ರಸೀದಿ. ಇಲ್ಲ ಮೇಡಂ, ಅವರನ್ನೇ ಕರೆಸಿ ಕೇಳಿ ಎಂದೆ. ನೀನು ಹೇಳಿದ್ದಕ್ಕೆಲ್ಲ ದೊಡ್ಡವರನ್ನು ಕರೆಸಲು ಆಗುತ್ತದೆಯೇ ಎಂದರು. ಹಾಗಾದರೆ ನಾನು ಇಲ್ಲಿಂದ ಏಳುವುದಿಲ್ಲ ಎಂದು ಅವರ ಕೋಣೆಯ ನೆಲದ ಮೇಲೆ ಕೂತುಬಿಟ್ಟೆ. ಲಕ್ಷ್ಮಕ್ಕನೂ ಕೂತಳು. ಮಗು ಅವ್ವನ ಸೆರಗು ಹಿಡಿದು ನಿಂತಿತ್ತು. ನಾಲ್ಕು ಜನ ಬಂದು ಇಣುಕಿ ನೋಡಿದ ಮೇಲೆ ಹೆಡ್‌ಮಿಸ್ಸು ಫೋನು ಎತ್ತಿದರು.

ಮೇಡಮ್ಮು ಬಂದರು. ಅವರ ಹಿಂದೆ ಅತ್ತೆಯೂ ಬಂದರು, ತಾನು ಹೊಲಿದ ಫ್ರಾಕು ಸಿಕ್ಕಿದೆಯಂತೆ, ನೋಡುತ್ತೇನೆ ಎಂದು. ಹೆಡ್‌ಮಿಸ್ಸು ಬೀರುವಿನಿಂದ ಫ್ರಾಕು ತೆಗೆದು ಮೇಜಿನ ಮೇಲಿಟ್ಟರು. ಇವರು ನಿಮಗೆ ಗೊತ್ತಾ ಎಂದು ನನ್ನ ಕಡೆ ಕೈ ತೋರಿಸಿದರು. ಮೇಡಮ್ಮು ನನ್ನನ್ನು ನೋಡದೆಯೇ, ಗೊತ್ತಿಲ್ಲ ಎಂದರು.

ಅಜ್ಜಿ ಫ್ರಾಕನ್ನು ಎತ್ತಿಕೊಂಡು ಗಿಣಿಯ ಮೇಲೆ ಬೆರಳಾಡಿಸಿದರು. ಒಳಗಿನ ಮಡಿಕೆ ತಿರುಗಿಸಿ ನೋಡಿದರು. ಗಂಗಮ್ಮ ಅದರ ಕೆಳಮಡಿಕೆಯನ್ನು ಬಿಚ್ಚಿ ಎರಡು ಬೆರಳು ಉದ್ದ ಮಾಡಿದ್ದಳು. ಇದನ್ನು ಯಾರು ಹೊಲಿದಿದ್ದು ಎಂದು ನನ್ನನ್ನು ಕೇಳಿದರು. ನನ್ನ ಹೆಂಡತಿ ಎಂದೆ. ಅಚ್ಚುಕಟ್ಟಾಗಿದೆ ಎಂದರು. ಆಮೇಲೆ ಸೊಸೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಬಹಳ ಮೆತ್ತಗೆ ಹೇಳಿದರು: "ಕೊಟ್ಟಿದ್ರೆ ಕೊಟ್ಟೆ ಅಂತ ಹೇಳಮ್ಮ. ಪುಟ್ಟಿಗೆ ಗಿಡ್ಡ ಆಗಿತ್ತು, ನಂಗೂ ಗೊತ್ತು. ಆ ಮಗೀನ ನೋಡು."

ಮೇಡಮ್ಮು ಅಳಲು ಶುರು ಮಾಡಿದರು. ಕೊಟ್ಟಿದ್ದೆ ಎಂದರು.

ಅಲ್ಲಿಗೆ ಮುಗಿಯಿತು ಎಂದು ಹೆಡ್‌ಮಿಸ್ಸು ಭಾವಿಸಿದರು. ಆಯ್ತಲ್ಲಪ್ಪ, ತಪ್ಪು ತಿಳುವಳಿಕೆ, ನಾಳೆಯಿಂದ ಮಗುವನ್ನು ಕಳಿಸಿ ಎಂದು ನಮ್ಮನ್ನು ಎಬ್ಬಿಸಲು ನೋಡಿದರು. ಆಗ ನನಗೆ ಬಂದ ಸಿಟ್ಟು ಅದುವರೆಗೆ ಬಂದಿರಲಿಲ್ಲ. ಕಳ್ಳಿ ಎಂದು ಹೇಳುವಾಗ ಇಡೀ ಕ್ಲಾಸಿನ ಮುಂದೆ, ಅಲ್ಲ ಎಂದು ಹೇಳುವಾಗ ಬಾಗಿಲು ಹಾಕಿದ ಕೋಣೆಯಲ್ಲಿ, ಇದು ಯಾವ ಸೀಮೆಯ ನ್ಯಾಯ ಎಂದು ಕೇಳಿದೆ. ನನ್ನ ದನಿ ಹೊರಗಿನ ಮೈದಾನಕ್ಕೂ ಕೇಳಿಸಿತಂತೆ. ಕೇಳಿಸಲಿ ಎಂದೇ ಹೇಳಿದ್ದೆ. "ಎಲ್ಲಿ ನಿಲ್ಲಿಸಿದ್ರೋ ಅಲ್ಲೇ ಹೇಳ್ಬೇಕ್ರಿ. ಅಲ್ಲೀತನಕ ಏಳಲ್ಲ."

ಇದರಿಂದ ನನಗೆ ಏನಾಯಿತು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸುದ್ದಿ ದುರ್ಗ ಮುಟ್ಟಲು ಒಂದು ವಾರ ಬೇಕಾಗಲಿಲ್ಲ. ಬಾಷಾ ಸಾಬರು ಪಾತ್ರೆ ಕೊಡುವುದನ್ನು ನಿಲ್ಲಿಸಿದರು. ಬೈಯಲಿಲ್ಲ, ನೀನು ಮಾಡಿದ್ದು ಸರಿ, ಆದರೆ ನನ್ನ ಅಂಗಡಿಯಿಂದ ಮಾಡಬೇಡ ಎಂದರು. ದೊಡ್ಡ ಮನೆಗಳ ಹಿಂದಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಆಮೇಲೆ ನಾನು ಹಿರಿಯೂರು, ಹೊಸದುರ್ಗದ ಕಡೆಯ ಸಣ್ಣ ಮನೆಗಳಲ್ಲಿ ಮಾಲು ಎತ್ತಿ, ಕಡಿಮೆಯಲ್ಲೇ ಕೊನೆಯವರೆಗೆ ನಡೆಸಿದೆ. ಬಾಯಿ ಹೊಸಿಲು ದಾಟಬಾರದು ಎಂಬ ನಿಯಮವನ್ನು ಮತ್ತೆಂದೂ ಮುರಿಯಲಿಲ್ಲ. ಈಗ ಈ ಕೆಲಸಕ್ಕೆ ಬರುವವರೂ ಮುರಿಯಬೇಡಿ. ಮಗುವಿನ ಮುಖ ಹಾಕಬೇಡಿ, ಊರಿನ ಹೆಸರು ಹಾಕಬೇಡಿ, ಬರೀ ಬಟ್ಟೆಯ ಫೋಟೋ ಹಾಕಿ. ಆದರೆ ನಿಮ್ಮ ನಿಯಮ ಒಂದು ಮಗುವಿನ ಮರ್ಯಾದೆ ತೆಗೆಯುವ ದಿನ ಬಂದರೆ, ನಿಯಮವನ್ನು ಮುರಿದು ಅದರ ನಷ್ಟವನ್ನು ನೀವೇ ಹೊತ್ತುಕೊಳ್ಳಿ.

ಹೆಡ್‌ಮಿಸ್ಸು ಕೊನೆಗೆ ನಮ್ಮನ್ನು ಮೂರನೇ ಕ್ಲಾಸಿಗೆ ಕರೆದುಕೊಂಡು ಹೋದರು. ಮಕ್ಕಳೆಲ್ಲ ಎದ್ದು ನಿಂತು ಒಂದೇ ರಾಗದಲ್ಲಿ ಗುಡ್ ಮಾರ್ನಿಂಗ್ ಹೇಳಿದರು. ಹೆಡ್‌ಮಿಸ್ಸು ಏನೋ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿ ಮುಗಿಸಲು ನೋಡಿದರು. ನಾನು ಕನ್ನಡದಲ್ಲಿ ಹೇಳಿ ಎಂದೆ. ಭೂಮಿಕಾ ಏನೂ ಕದ್ದಿಲ್ಲ ಎಂದರು. ಕ್ಷಮಿಸು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ.

ಭೂಮಿಕಾ ನೆಲ ನೋಡುತ್ತಾ, "ಅಂಗಾರೆ ಫ್ರಾಕು ಯಾರ್ದು ಮಿಸ್?" ಎಂದು ಕೇಳಿದಳು.

ಟೀಚರು ಹೆಡ್‌ಮಿಸ್ಸಿನ ಮುಖ ನೋಡಿದರು. ನಾನೇ ಹೇಳಿದೆ: "ನಿಂದು ಕಣವ್ವ. ನಿಮ್ಮವ್ವ ದುಡಿದು ತಗಂಡಿರಾದು."

ಮಗು ಬೇಡ ಎಂದು ತಲೆ ಆಡಿಸಿತು. ಲಕ್ಷ್ಮಕ್ಕ ಹೆಡ್‌ಮಿಸ್ಸಿನ ಕೋಣೆಯಿಂದ ಎತ್ತಿಕೊಂಡು ಬಂದಿದ್ದ ಫ್ರಾಕನ್ನು ಮಗುವಿನ ಯೂನಿಫಾರ್ಮಿನ ಮೇಲೆಯೇ ಹಾಕಿ, ಹಿಂದಿನ ಲಾಡಿ ಬಿಗಿಯಾಗಿ ಕಟ್ಟಿ, ಹೋಗಿ ಕುಂತ್ಕ ಎಂದಳು. ಮಗು ಹೋಗಿ ತನ್ನ ಜಾಗದಲ್ಲಿ ಕೂತಿತು. ಪಕ್ಕದ ಹುಡುಗಿ ಸ್ವಲ್ಪ ಸರಿದು ಜಾಗ ಕೊಟ್ಟಿತು.

ನಾನು ಇನ್ನು ಹೋಗಾಣ ಎಂದೆ. ಲಕ್ಷ್ಮಕ್ಕ ಒಪ್ಪಲಿಲ್ಲ. ಗಿರಣಿಯ ಕೆಲಸ ಬಿಟ್ಟು ಶಾಲೆಯ ಎದುರಿನ ಬೇವಿನ ಮರದ ಕೆಳಗೆ ಕೂತಳು. ಎಲ್ಲ ತಾಯಂದಿರೂ ಗೇಟಿನ ಹತ್ತಿರ ಬರುವ ಹೊತ್ತಿಗೆ ತನ್ನ ಮಗಳು ಅದೇ ಫ್ರಾಕಿನಲ್ಲಿ ಅವರ ಮುಂದೆ ಹೊರಗೆ ಬರುವುದನ್ನು ಅವಳು ನೋಡಲೇಬೇಕಿತ್ತು. ನಾನೂ ಮೂಟೆಗೆ ಒರಗಿ ಕೂತೆ.

ನಾಲ್ಕು ಗಂಟೆಗೆ ಗಂಟೆ ಹೊಡೆಯಿತು. ಮಗು ಕೊನೆಯಲ್ಲಿ, ಗೋಡೆಯ ಪಕ್ಕದಲ್ಲಿ ಬರುತ್ತದೆ ಎಂದು ನಾನು ಆ ಕಡೆ ನೋಡುತ್ತಿದ್ದೆ. ಆದರೆ ಅದು ನಾಲ್ಕಾರು ಮಕ್ಕಳ ನಡುವೆ ಓಡಿಕೊಂಡು ಬಂತು. ಆಟದ ಬಯಲಿನಲ್ಲಿ ಬಿದ್ದಿತ್ತೋ ಏನೋ, ಫ್ರಾಕಿನ ಮುಂಭಾಗವೆಲ್ಲ ಕೆಮ್ಮಣ್ಣು.

ಲಕ್ಷ್ಮಕ್ಕ ಎದ್ದು ಹೋಗಿ ಮಗುವಿನ ರಟ್ಟೆ ಹಿಡಿದು, ಸುತ್ತ ಎಷ್ಟು ಜನ ಇದ್ದಾರೆ ಎಂದೂ ನೋಡದೆ ಬೈದಳು: "ಹೊಸಾ ಫ್ರಾಕು ಎಂಗೆ ಮಾಡ್ಕಂಡು ಬಂದೀಯ ನೋಡೇ."